ಕಾರ್ನ್‌ಹೋಲ್: ಹಲಗೆಗೆ ಕೊಡುವ ಗಮನವನ್ನು ಚೀಲಕ್ಕೂ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ ನೌಕರಿಯಲ್ಲಿರುವ ಮಗನ ಅಥವಾ ಮಗಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದು ಬರುವ ಹಿರಿಯರು ಈಗ ದಾವಣಗೆರೆಯ ಬಹುತೇಕ ಬಡಾವಣೆಗಳಲ್ಲಿ ಇದ್ದಾರೆ. ಅಂಥವರು ಅಲ್ಲಿನ ಮನೆಗಳ ಹಿತ್ತಿಲಲ್ಲಿ ನೋಡಿ, ಆಡಿ ಬಂದ ಕಾರ್ನ್‌ಹೋಲ್ ಎಂಬ ಆಟ ನಮ್ಮ ಬಡಾವಣೆಯ ಉದ್ಯಾನಕ್ಕೂ ನನಗೆ ಪರಿಚಯವಿರುವ ಒಂದೆರಡು ಶಾಲೆಗಳ ಅಂಗಳಕ್ಕೂ ಬಂದಿದೆ. ದೈಹಿಕ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದ ನನಗೆ ಇದು ಸಂತೋಷದ ಸಂಗತಿ. ಮಂಡಿನೋವಿನಿಂದ ಓಡಲಾಗದ ಅಜ್ಜನೂ ಐದನೇ ತರಗತಿಯ ಮೊಮ್ಮಗಳೂ ಒಂದೇ ಅಂಗಳದಲ್ಲಿ ಸರಿಸಮವಾಗಿ ಆಡಬಹುದಾದ ಆಟಗಳು ನಮ್ಮಲ್ಲಿ ಹೆಚ್ಚಿಲ್ಲ. ಆದರೆ ಆಟ ಬೇರೂರುವ ಈ ಹಂತದಲ್ಲೇ ಒಂದು ತಪ್ಪು ಅಭ್ಯಾಸವೂ ಬೆಳೆಯುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಹಲಗೆಗೆ ಒಳ್ಳೆಯ ಪ್ಲೈವುಡ್ ತರುತ್ತಾರೆ, ಬಣ್ಣ ಬಳಿಸುತ್ತಾರೆ, ಸಂಘದ ಹೆಸರು ಬರೆಸುತ್ತಾರೆ. ಎಸೆಯುವ ಚೀಲದ ವಿಷಯ ಬಂದಾಗ ಮಾತ್ರ ಯಾವುದು ಅಗ್ಗವೋ ಅದನ್ನು ತರಿಸಿ ಸುಮ್ಮನಾಗುತ್ತಾರೆ. ಆಟಗಾರನ ಕೈಯಲ್ಲಿರುವುದು ಚೀಲ. ಅದು ಸರಿಯಿಲ್ಲದಿದ್ದರೆ ಹಲಗೆ ಎಷ್ಟು ಚೆಂದವಿದ್ದರೂ ಆಟ ಕುದುರುವುದಿಲ್ಲ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ಹಲಗೆಯನ್ನು ಹಿಂತುದಿ 12 ಅಂಗುಲ ಎತ್ತರದಲ್ಲಿರುವಂತೆ ಇಳಿಜಾರಾಗಿ ಇಡುತ್ತಾರೆ. ಅದರ ಮೇಲ್ಭಾಗದಲ್ಲಿ 6 ಅಂಗುಲ ವ್ಯಾಸದ ಒಂದು ರಂಧ್ರವಿರುತ್ತದೆ. ಇಂಥ ಎರಡು ಹಲಗೆಗಳನ್ನು ಎದುರುಬದುರಾಗಿ, ಮುಂಭಾಗದ ಅಂಚುಗಳ ನಡುವೆ 27 ಅಡಿ ಅಂತರವಿರುವಂತೆ ಇಟ್ಟು, ಒಬ್ಬೊಬ್ಬರು ನಾಲ್ಕು ನಾಲ್ಕು ಚೀಲಗಳನ್ನು ಸರದಿಯಂತೆ ಎಸೆಯುತ್ತಾರೆ. ರಂಧ್ರದೊಳಗೆ ಬಿದ್ದ ಚೀಲಕ್ಕೆ 3 ಅಂಕ, ಹಲಗೆಯ ಮೇಲೆ ನಿಂತದ್ದಕ್ಕೆ 1 ಅಂಕ. ಪ್ರತಿ ಸುತ್ತಿನಲ್ಲಿ ಇಬ್ಬರ ಅಂಕಗಳಲ್ಲಿ ಕಡಿಮೆಯದನ್ನು ಹೆಚ್ಚಿನದರಿಂದ ಕಳೆದು ಉಳಿದದ್ದು ಮುಂದಿದ್ದವರ ಖಾತೆಗೆ ಸೇರುತ್ತದೆ. ಮೊದಲು 21 ಮುಟ್ಟಿದವರು ಗೆದ್ದಂತೆ. 1883ರಲ್ಲೇ ಅಮೆರಿಕದಲ್ಲಿ ಇಂಥದ್ದೊಂದು ಆಟಕ್ಕೆ ಪೇಟೆಂಟ್ ಪಡೆಯಲಾಗಿತ್ತು. ಅದರ ಹಲಗೆಯ ರಂಧ್ರ ಚೌಕಾಕಾರದ್ದಾಗಿತ್ತು. ಇಂದು ಆಡುವ ಆಟ ಬಲವಾಗಿ ಬೆಳೆದದ್ದು ಒಹಾಯೊ ರಾಜ್ಯದ ಸಿನ್ಸಿನಾಟಿ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ.

ಚೀಲದ ಅಳತೆ 6 ಅಂಗುಲ ಉದ್ದ, 6 ಅಂಗುಲ ಅಗಲದ ಚೌಕ. ತೂಕ 16 ಔನ್ಸಿನ ಆಸುಪಾಸು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಒಂದು ಸೆಟ್‌ನಲ್ಲಿ ಎರಡು ಬಣ್ಣದ ನಾಲ್ಕು ನಾಲ್ಕರಂತೆ ಎಂಟು ಚೀಲಗಳಿರುತ್ತವೆ. ಈ ಎಂಟೂ ಒಂದೇ ತೂಕದಲ್ಲಿರುವುದು 450 ಗ್ರಾಂ ಎಂಬ ಸಂಖ್ಯೆಗಿಂತಲೂ ಮುಖ್ಯವೆಂದು ನನ್ನ ಅನುಭವ ಹೇಳುತ್ತದೆ. ಒಂದು ಚೀಲ 430 ಗ್ರಾಂ, ಇನ್ನೊಂದು 470 ಗ್ರಾಂ ಇದ್ದರೆ ಮಗುವಿನ ಕೈಗೆ ಎಸೆತದ ಅಂದಾಜು ಕೂರುವುದೇ ಇಲ್ಲ. ಮೊದಲ ಎಸೆತ ಹಲಗೆಯನ್ನು ದಾಟಿ ಹೋಯಿತೆಂದು ಎರಡನೆಯದಕ್ಕೆ ಬಲ ತಗ್ಗಿಸಿದರೆ ಅದು ಹಲಗೆಯ ಮುಂದೆಯೇ ಬೀಳುತ್ತದೆ. ಮಗು ತಪ್ಪು ತನ್ನದೇ ಎಂದು ತಿಳಿಯುತ್ತದೆ. ಆದ್ದರಿಂದ ಚೀಲ ಕೊಂಡ ದಿನವೇ ಎಂಟನ್ನೂ ತೂಗಿ ನೋಡಬೇಕು. ಇದಕ್ಕೆ ವಿಶೇಷ ಉಪಕರಣವೇನೂ ಬೇಡ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಎಂಟರಲ್ಲಿ ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ನಡುವೆ ಹತ್ತು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಸೆಟ್ಟನ್ನು ಹಿಂದಿರುಗಿಸುವುದು ಒಳಿತು.

ಅಳತೆಯ ವಿಷಯವೂ ಅಷ್ಟೇ ಗಂಭೀರವಾದದ್ದು. 2022ರಲ್ಲಿ ಅಮೆರಿಕನ್ ಕಾರ್ನ್‌ಹೋಲ್ ಲೀಗ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಜೋಡಿ ಆಟದಲ್ಲಿ ಎದುರಾಳಿಗಳ ಚೀಲಗಳು ನಿಯಮದ ಅಳತೆಯಲ್ಲಿಲ್ಲವೆಂದು ಒಂದು ಜೋಡಿ ದೂರಿತು. ಅಧಿಕಾರಿಗಳು ಪರಿಶೀಲಿಸಿದಾಗ ದೂರು ಕೊಟ್ಟವರ ಚೀಲಗಳೂ ನಿಯಮಕ್ಕೆ ಹೊಂದುತ್ತಿರಲಿಲ್ಲವೆಂದು ತಿಳಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲವೆಂದು ತೀರ್ಮಾನಿಸಿ ಆಟವನ್ನು ಮುಂದುವರಿಸಿದರು. ಆ ಮಟ್ಟದ ಆಟಗಾರರೇ ಇಷ್ಟು ಸೂಕ್ಷ್ಮವಾಗಿ ಗಮನಿಸುವುದಕ್ಕೆ ಕಾರಣವಿದೆ. ರಂಧ್ರದ ವ್ಯಾಸ 6 ಅಂಗುಲ, ಚೀಲದ ಪಕ್ಕವೂ 6 ಅಂಗುಲ. ಹಾಗಾಗಿ ಚೀಲ ತುಸು ಮಡಚಿಕೊಂಡರೆ ಮಾತ್ರ ಒಳಗೆ ಇಳಿಯುತ್ತದೆ. ಅಳತೆ ಕಾಲು ಅಂಗುಲ ಕಡಿಮೆಯಾದರೂ, ಚೀಲ ತೆಳುವಾದರೂ ಅಂಚಿಗೆ ಬಂದದ್ದು ಸಲೀಸಾಗಿ ಒಳಗೆ ಜಾರುತ್ತದೆ. ಕಾಳು ಬಿಗಿಯಾಗಿ ತುಂಬಿ ಉಬ್ಬಿದ್ದರೆ ರಂಧ್ರದ ಬಾಯಿಗೆ ಬಂದು ಅಲ್ಲೇ ಕೂರುತ್ತದೆ. ಸರಿಯಾಗಿ ತುಂಬಿದ ಚೀಲವನ್ನು ಅಂಗೈ ಮೇಲೆ ಇಟ್ಟರೆ ಅದರ ನಾಲ್ಕು ಮೂಲೆಗಳು ಬಿಸಿ ಹೋಳಿಗೆಯ ಅಂಚಿನಂತೆ ಮೆತ್ತಗೆ ಇಳಿಬೀಳಬೇಕು. ಕೊಳ್ಳುವ ಮುನ್ನ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು.

ಇನ್ನು ಚೀಲದೊಳಗೆ ಏನು ತುಂಬಿರಬೇಕೆಂಬುದು. ನಮ್ಮ ಊರಿನವರಿಗೆ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಚೀಲಗಳಲ್ಲಿ ಮೊದಲಿನಿಂದ ತುಂಬುತ್ತಿದ್ದದ್ದು ಒಣಗಿದ ಮೆಕ್ಕೆಜೋಳ, ಮತ್ತು ಮೆಕ್ಕೆಜೋಳ ಬೆಳೆಯುವುದರಲ್ಲಿ ದಾವಣಗೆರೆ ಜಿಲ್ಲೆ ರಾಜ್ಯದಲ್ಲೇ ಮುಂಚೂಣಿಯಲ್ಲಿದೆ. ಸುಗ್ಗಿಯ ಕಾಲದಲ್ಲಿ ಎಪಿಎಂಸಿ ಪ್ರಾಂಗಣದಲ್ಲಿ ರಾಶಿ ರಾಶಿ ಮೆಕ್ಕೆಜೋಳ ಬಿದ್ದಿರುವಾಗ, ಅದನ್ನೇ ನಾಲ್ಕು ಕಿಲೋ ತಂದು ಎಂಟು ಚೀಲಕ್ಕೆ ತುಂಬಿದರೆ ಆಯಿತಲ್ಲ ಎಂದು ಅನೇಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಮೆಕ್ಕೆಜೋಳದ ಚೀಲ ಕೈಗೆ ಹಿತವಾಗಿರುತ್ತದೆ, ಹಲಗೆಗೆ ಬಿದ್ದಾಗ ಪುಟಿಯದೆ ಕೂರುತ್ತದೆ, ಖರ್ಚಂತೂ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದ ಹಳಬರಲ್ಲಿ ಇಂದಿಗೂ ಅದನ್ನೇ ಇಷ್ಟಪಡುವವರಿದ್ದಾರೆ.

ಆದರೆ ಅದರ ದೋಷಗಳು ಮೆಕ್ಕೆಜೋಳ ಬೆಳೆದ ನಮಗೇ ಚೆನ್ನಾಗಿ ಗೊತ್ತಿವೆ. ತೇವಾಂಶ ಶೇ 14 ದಾಟಿದ ಮಾಲನ್ನು ಮಂಡಿಯಲ್ಲಿ ಏಕೆ ಹಿಂದೆ ಸರಿಸುತ್ತಾರೆಂದು ರೈತರಿಗೆ ಹೇಳಬೇಕಾಗಿಲ್ಲ. ಅಂಥ ಕಾಳನ್ನು ಬಟ್ಟೆಯೊಳಗೆ ಹೊಲಿದಿಟ್ಟರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ ತುಂಬಿದ್ದಕ್ಕೂ ನುಸಿ ಹುಳು ಬೀಳುತ್ತದೆ. ಶಾಲೆಯ ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ಇಲಿ ಇದ್ದರೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಚೀಲದ ಬಟ್ಟೆ ಮಾತ್ರ ಉಳಿದಿರುತ್ತದೆ. ಇವೆಲ್ಲವೂ ಇಲ್ಲದಿದ್ದರೂ ನೂರಾರು ಬಾರಿ ಹಲಗೆಗೆ ಬಡಿದ ಕಾಳು ಒಳಗೇ ಒಡೆದು ನುಚ್ಚಾಗುತ್ತದೆ, ಹಿಟ್ಟಾಗುತ್ತದೆ. ಆ ಹಿಟ್ಟು ಬಟ್ಟೆಯ ಎಳೆಗಳ ನಡುವಿನಿಂದ ಸೋರಿ ಹಲಗೆಯ ಮೇಲೆ ತೆಳ್ಳಗೆ ಹರಡಿ, ಹಲಗೆಯ ಜಾರುಗುಣವನ್ನೇ ಬದಲಿಸುತ್ತದೆ. ಬೆಳಿಗ್ಗೆ ಆಡಿದ ತಂಡಕ್ಕೆ ಒಂದು ಹಲಗೆ, ಸಂಜೆ ಆಡಿದ ತಂಡಕ್ಕೆ ಇನ್ನೊಂದು ಹಲಗೆ ಎಂಬಂತಾಗುತ್ತದೆ. ಚೀಲದ ತೂಕವೂ ದಿನದಿಂದ ದಿನಕ್ಕೆ ಇಳಿಯುತ್ತದೆ. ಕೊಳೆಯಾಯಿತೆಂದು ತೊಳೆಯುವಂತೆಯೂ ಇಲ್ಲ.

ಹೀಗಾಗಿಯೇ ಈಗ ಸ್ಪರ್ಧೆಗಳಲ್ಲಿ ಬಳಸುವ ಚೀಲಗಳಲ್ಲಿ ಪ್ಲಾಸ್ಟಿಕ್ ಕಾಳನ್ನು ತುಂಬುತ್ತಾರೆ. ಕೊಡ, ಬಕೆಟ್ ಮುಂತಾದವನ್ನು ತಯಾರಿಸಲು ಕಾರ್ಖಾನೆಗಳು ಕರಗಿಸಿ ಬಳಸುವ ಸಣ್ಣ ಕಾಳಿನಂಥದ್ದೇ ಇದು. ನೀರು ಕುಡಿಯುವುದಿಲ್ಲ, ಹುಳು ಹಿಡಿಯುವುದಿಲ್ಲ, ಸುಲಭವಾಗಿ ಒಡೆಯುವುದಿಲ್ಲ. ಚೀಲವನ್ನು ತೊಳೆದು ಒಣಗಿಸಿ ಮತ್ತೆ ಆಡಬಹುದು. ಶಾಲೆಗಳು ಹಾಗೂ ಬಡಾವಣೆಯ ಸಂಘಗಳು ಒಮ್ಮೆ ಖರ್ಚು ಮಾಡಿ ಹಲವು ವರ್ಷ ಬಳಸಬೇಕಾದವು. ಅವು ಇದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪ್ಲಾಸ್ಟಿಕ್ ಬಳಕೆಯ ಬಗ್ಗೆ ಆಕ್ಷೇಪವಿರುವವರ ಮಾತನ್ನು ನಾನು ಗೌರವಿಸುತ್ತೇನೆ. ಅಂಥವರು ಮೆಕ್ಕೆಜೋಳವನ್ನೇ ತುಂಬುವುದಾದರೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ನುಚ್ಚು ಕೇರಿ, ಪ್ರತಿ ವರ್ಷ ಸುಗ್ಗಿಯ ನಂತರ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು. ಕಾಳು ಬದಲಿಸಲು ಒಂದು ಅಂಚಿನ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಮರಳು ಮತ್ತು ಸಣ್ಣ ಜಲ್ಲಿಯನ್ನು ಮಾತ್ರ ಯಾವ ಕಾರಣಕ್ಕೂ ತುಂಬಬಾರದು. ಮರಳು ಹೊಲಿಗೆಯ ಸಂದಿನಿಂದ ಸೋರುತ್ತದೆ, ಜಲ್ಲಿ ಬಟ್ಟೆಯನ್ನು ಒಳಗಿನಿಂದಲೇ ಹರಿಯುತ್ತದೆ, ಮತ್ತು ತಪ್ಪಿ ಮಗುವಿನ ಮುಖಕ್ಕೆ ತಾಗಿದರೆ ಅದು ಆಟದ ಸಾಮಾನಾಗಿ ಉಳಿಯುವುದಿಲ್ಲ. ಹುಣಸೆ ಬೀಜ ತುಂಬೋಣವೆಂದು ಕೆಲವರು ಸಲಹೆ ಕೊಟ್ಟರು. ಅದಕ್ಕೂ ಹುಳು ಬೀಳುವುದರಿಂದ ಅದರಲ್ಲಿ ನನಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಬಟ್ಟೆ ಮತ್ತು ಹೊಲಿಗೆಯ ವಿಷಯದಲ್ಲಿ ನಮ್ಮ ಉದ್ಯಾನದ ಗೆಳೆಯರಿಗಾದ ಅನುಭವವನ್ನು ಹೇಳುವುದು ಪ್ರಯೋಜನಕಾರಿ. ಆನ್‌ಲೈನಿನಲ್ಲಿ ತರಿಸಿದ ಒಂದು ಸೆಟ್‌ನ ಚೀಲಗಳು ನೋಡಲು ಬಹಳ ಅಂದವಾಗಿದ್ದವು, ತೂಕವೂ ಸರಿಯಿತ್ತು. ಆದರೆ ಕೆಲವೇ ವಾರಗಳಲ್ಲಿ ಒಂದೊಂದಾಗಿ ಬಾಯಿಬಿಟ್ಟು ಕಾಳು ಚೆಲ್ಲತೊಡಗಿದವು. ಎಲ್ಲವೂ ಬಿಚ್ಚಿಕೊಂಡದ್ದು ಒಂದೇ ಜಾಗದಲ್ಲಿ: ಕಾಳು ತುಂಬಿದ ಮೇಲೆ ಕೊನೆಗೆ ಮುಚ್ಚಿದ ನಾಲ್ಕನೆಯ ಅಂಚಿನಲ್ಲಿ. ಉಳಿದ ಮೂರು ಅಂಚುಗಳನ್ನು ಬಟ್ಟೆಯ ಒಳಮೈಯಿಂದ ಹೊಲಿದು ಮಗುಚಿರುತ್ತಾರೆ. ನಾಲ್ಕನೆಯದನ್ನು ಕಾಳು ತುಂಬಿದ ಮೇಲೆ ಹೊರಗಿನಿಂದಲೇ ಹೊಲಿಯಬೇಕಾಗುವುದರಿಂದ ಕೆಲಸಗಳ್ಳತನವಾಗುವುದು ಅಲ್ಲಿಯೇ. ಆದ್ದರಿಂದ ಚೀಲವನ್ನು ಕೈಗೆ ತೆಗೆದುಕೊಂಡಾಗ ಮೊದಲು ಆ ಅಂಚನ್ನು ಹುಡುಕಬೇಕು. ಎರಡೂ ಹೆಬ್ಬೆರಳುಗಳಿಂದ ಹೊಲಿಗೆಯ ಅಕ್ಕಪಕ್ಕದ ಬಟ್ಟೆಯನ್ನು ಹಿಡಿದು ನಿಧಾನವಾಗಿ ಅಗಲಿಸಿದರೆ, ದಾರದ ಕುಣಿಕೆಗಳ ನಡುವೆ ಬೆಳಕು ಕಾಣಬಾರದು, ಒಳಗಿನ ಕಾಳು ಕಾಣಬಾರದು. ಎರಡು ಸಾಲು ಹೊಲಿಗೆ ಇರಬೇಕು. ಮೂಲೆಗಳಲ್ಲಿ ದಾರ ಹಿಂದೆ ಮುಂದೆ ಹೋಗಿ ಗಟ್ಟಿಯಾಗಿರಬೇಕು. ಹತ್ತಿ ದಾರಕ್ಕಿಂತ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಉತ್ತಮ, ಏಕೆಂದರೆ ಒದ್ದೆಯಾದ ಹತ್ತಿ ದಾರ ಕೆಲಕಾಲದಲ್ಲಿ ಕೊಳೆತು ತುಂಡಾಗುತ್ತದೆ.

ಬಟ್ಟೆಯಲ್ಲಿ ಹಳೆಯ ಕ್ರಮವೆಂದರೆ ಎರಡೂ ಮಗ್ಗುಲಿಗೆ ಬಿಗಿ ನೇಯ್ಗೆಯ ಕ್ಯಾನ್ವಾಸ್. ಈಗಿನ ಸ್ಪರ್ಧಾ ಚೀಲಗಳು ಎರಡು ಮಗ್ಗುಲಿಗೆ ಎರಡು ಬಗೆಯ ಬಟ್ಟೆಯನ್ನು ಹೊಂದಿರುತ್ತವೆ. ಒಂದು ಮಗ್ಗುಲಿಗೆ ನುಣುಪಾದ ಪಾಲಿಯೆಸ್ಟರ್, ಇನ್ನೊಂದಕ್ಕೆ ಸ್ವೇಡ್, ಅಂದರೆ ನವಿರು ರೋಮವಿರುವ ಮೃದು ಚರ್ಮದ ತರಹದ ಬಟ್ಟೆ. ನುಣುಪು ಮಗ್ಗುಲು ಕೆಳಗೆ ಬಿದ್ದರೆ ಚೀಲ ಹಲಗೆಯ ಮೇಲೆ ಜಾರಿಕೊಂಡು ರಂಧ್ರದ ಕಡೆಗೆ ಹೋಗುತ್ತದೆ. ಸ್ವೇಡ್ ಮಗ್ಗುಲು ಬಿದ್ದರೆ ಬಿದ್ದ ಜಾಗದಲ್ಲೇ ಹಿಡಿದು ನಿಲ್ಲುತ್ತದೆ. ಎದುರಾಳಿಯ ದಾರಿಗೆ ಅಡ್ಡವಾಗಿ ಚೀಲವನ್ನು ನಿಲ್ಲಿಸಬೇಕಾದಾಗ ಒಂದು ಮಗ್ಗುಲು, ಅಡ್ಡವಿರುವುದನ್ನು ತಳ್ಳಿಕೊಂಡು ಹೋಗಬೇಕಾದಾಗ ಇನ್ನೊಂದು. ಈ ಆಟದಲ್ಲಿ ಬುದ್ಧಿಗೆ ಕೆಲಸವಿರುವುದೇ ಇಲ್ಲಿ. ಎರಡೂ ಕಡೆ ಒಂದೇ ಬಟ್ಟೆಯ ಚೀಲ ಕೊಟ್ಟರೆ ಮಕ್ಕಳು ಎಸೆಯುವುದನ್ನು ಕಲಿಯುತ್ತಾರೆ, ಆದರೆ ಯಾವ ಮಗ್ಗುಲನ್ನು ಯಾವಾಗ ಬಳಸಬೇಕೆಂಬ ಯೋಚನೆಯ ಭಾಗ ಅವರಿಗೆ ದಕ್ಕುವುದಿಲ್ಲ. ಹೀಗಾಗಿ ಹೈಸ್ಕೂಲ್ ಮಟ್ಟದ ಮಕ್ಕಳಿಗಾದರೂ ಎರಡು ಬಗೆಯ ಮಗ್ಗುಲಿನ ಚೀಲವನ್ನೇ ಕೊಡಬೇಕು.

ತಯಾರಕರು ಚೀಲದ ಜಾರುವೇಗವನ್ನು ಸಾಮಾನ್ಯವಾಗಿ 1ರಿಂದ 10ರವರೆಗಿನ ಅಂಕಗಳಲ್ಲಿ ತಿಳಿಸುತ್ತಾರೆ. ಅಂಕ ಹೆಚ್ಚಿದಷ್ಟೂ ಜಾರಿಕೆ ಹೆಚ್ಚು. ಈ ಅಂಕಗಳಿಗೆ ಎಲ್ಲರೂ ಒಪ್ಪಿದ ಒಂದೇ ಮಾನದಂಡವಿಲ್ಲದ ಕಾರಣ ಒಬ್ಬ ತಯಾರಕನ 7 ಇನ್ನೊಬ್ಬನ 7ಕ್ಕೆ ಸಮವಾಗಿರಬೇಕೆಂದಿಲ್ಲ. ಹೊಸಬರು ಅತಿ ವೇಗದ ಚೀಲಕ್ಕೆ ಆಸೆಪಡುವುದನ್ನು ಕಂಡಿದ್ದೇನೆ. ವಿಡಿಯೊಗಳಲ್ಲಿ ನುರಿತವರ ಚೀಲ ಬೆಣ್ಣೆಯಷ್ಟು ನಯವಾಗಿ ಸಾಗಿ ರಂಧ್ರ ಸೇರುವುದನ್ನು ನೋಡಿದವರಿಗೆ ಆ ಆಸೆ ಸಹಜ. ಆದರೆ ಎಸೆತದ ಎತ್ತರ ಮತ್ತು ಬಲ ಇನ್ನೂ ಕೈಗೆ ಒಗ್ಗದವರ ಅತಿ ವೇಗದ ಚೀಲ ಹಲಗೆಯ ಹಿಂತುದಿಯಿಂದ ಆಚೆ ಹೋಗಿ ಬೀಳುತ್ತದೆ. ಹೊಸಬರಿಗೆ ನಿಧಾನದ ಮಗ್ಗುಲು 4 ಅಥವಾ 5, ವೇಗದ ಮಗ್ಗುಲು 7ರ ಸುಮಾರಿಗೆ ಇರುವ ಚೀಲ ಹೊಂದುತ್ತದೆ.

ನಮ್ಮ ಸೀಮೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಒಂದೇ ಚೀಲ ಸರಾಗವಾಗಿ ಜಾರುತ್ತದೆ. ಮುಂಗಾರಿನ ತೇವದ ಗಾಳಿಯಲ್ಲಿ ಅದೇ ಚೀಲ ಹಲಗೆಗೆ ಅಂಟಿಕೊಂಡಂತೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಧೂಳು. ನೆಲಕ್ಕೆ ಬಿದ್ದ ಚೀಲದ ಸ್ವೇಡ್ ಮಗ್ಗುಲಿಗೆ ಕೆಂಪು ಮಣ್ಣು ಮೆತ್ತಿಕೊಂಡರೆ ಅದರ ಹಿಡಿತ ಹೋಗುತ್ತದೆ. ಪ್ರತಿ ಸುತ್ತಿನ ನಂತರ ಚೀಲವನ್ನು ಕೊಡವಿ, ಹಲಗೆಯನ್ನು ಒಣ ಬಟ್ಟೆಯಿಂದ ಒರೆಸುವ ರೂಢಿಯನ್ನು ಮಕ್ಕಳಿಗೆ ಮೊದಲ ದಿನದಿಂದಲೇ ಹೇಳಿಕೊಡಬೇಕು. ಹೊಸ ಚೀಲ ಗಡುಸಾಗಿದೆಯೆಂದು ನಿರಾಶರಾಗಬೇಕಾಗಿಲ್ಲ. ಪ್ಲಾಸ್ಟಿಕ್ ಕಾಳಿನ ಚೀಲಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಬಟ್ಟೆ ಮೃದುವಾಗಿಸುವ ದ್ರವ ಸ್ವಲ್ಪ ಬೆರೆಸಿ ನೆನೆಸಿ, ತೊಳೆದು ನೆರಳಿನಲ್ಲಿ ಒಣಗಿಸಿದರೆ ಬೇಗ ಪಳಗುತ್ತವೆ. ಉಳಿದದ್ದನ್ನು ಆಟವೇ ಮಾಡುತ್ತದೆ.

ಒಳ್ಳೆಯ ಚೀಲಕ್ಕೆ ದುಬಾರಿ ಬೆಲೆ ತೆರಬೇಕಲ್ಲ ಎಂಬ ಪ್ರಶ್ನೆ ಸರ್ಕಾರಿ ಶಾಲೆಗಳ ಶಿಕ್ಷಕರಿಂದ ಬಂದೇ ಬರುತ್ತದೆ, ಅದು ನ್ಯಾಯವೂ ಹೌದು. ಹೊರದೇಶದಿಂದ ತರಿಸುವ ಸ್ಪರ್ಧಾ ಮಟ್ಟದ ಸೆಟ್ ಸಾಮಾನ್ಯ ಶಾಲೆಯ ಕೈಗೆ ಎಟುಕುವುದಿಲ್ಲ. ಆದರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ಆರು ಅಂಗುಲದ ಚೀಲ ಹೊಲಿಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಅಂಗಿ, ರವಿಕೆ ಹೊಲಿಯುವ ದರ್ಜಿಯ ಯಂತ್ರ ದಪ್ಪ ಕ್ಯಾನ್ವಾಸ್‌ನ ನಾಲ್ಕು ಪದರಕ್ಕೆ ತಿಣುಕಬಹುದು. ಬೈಕು, ಟ್ರ್ಯಾಕ್ಟರುಗಳ ಸೀಟಿಗೆ ರೆಕ್ಸಿನ್ ಹೊಲಿಯುವವರು, ಶಾಲಾ ಬ್ಯಾಗುಗಳ ರಿಪೇರಿ ಮಾಡುವವರು ಇಟ್ಟುಕೊಂಡಿರುವ ಯಂತ್ರಕ್ಕೆ ಮತ್ತು ದಪ್ಪ ಸೂಜಿಗೆ ಇದು ಸುಲಭದ ಕೆಲಸ. ಅಂಥವರಲ್ಲಿಗೆ ಹೋಗುವಾಗ ಅಳತೆಯನ್ನು ಸ್ಪಷ್ಟವಾಗಿ ಬರೆದುಕೊಂಡು ಹೋಗಬೇಕು. ಪಕ್ಕಕ್ಕೆ 7 ಅಂಗುಲದ ಎರಡು ಚೌಕ ಬಟ್ಟೆ ಕತ್ತರಿಸಿ, ಸುತ್ತಲೂ ಅರ್ಧ ಅಂಗುಲ ಒಳಗೆ ಹೊಲಿಗೆ ಹಾಕಿದರೆ ಮಗುಚಿದಾಗ ಸರಿಯಾಗಿ 6 ಅಂಗುಲದ ಚೀಲ ಸಿಗುತ್ತದೆ. ಕಾಳನ್ನು ಲೋಟದಿಂದ ಅಳೆದು ತುಂಬಬಾರದು, ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಮೆಕ್ಕೆಜೋಳಕ್ಕೂ ಪ್ಲಾಸ್ಟಿಕ್ ಕಾಳಿಗೂ ಒಂದು ಲೋಟದ ತೂಕ ಬೇರೆ ಬೇರೆ. ಬಟ್ಟೆಯ ತೂಕವೂ ಸೇರುವುದರಿಂದ, ಖಾಲಿ ಚೀಲವನ್ನು ತಕ್ಕಡಿಯ ಮೇಲಿಟ್ಟುಕೊಂಡೇ ಒಟ್ಟು 450 ಗ್ರಾಂ ಆಗುವವರೆಗೆ ತುಂಬುವುದು ಸರಿಯಾದ ಕ್ರಮ.

ಹೊಲಿಗೆ ತರಬೇತಿ ಪಡೆದಿರುವ ಸ್ತ್ರೀಶಕ್ತಿ ಸಂಘಗಳು ಈ ಕೆಲಸವನ್ನು ಕೈಗೆತ್ತಿಕೊಂಡರೆ ಅವುಗಳಿಗೂ ವರಮಾನ, ಶಾಲೆಗಳಿಗೂ ಅನುಕೂಲ. ಹಾಗೆಂದು ಸ್ಥಳೀಯವಾಗಿ ಹೊಲಿದದ್ದೆಂಬ ಕಾರಣಕ್ಕೆ ಕಳಪೆಯನ್ನು ಒಪ್ಪಿಕೊಳ್ಳಬಾರದು. ಮೇಲೆ ಹೇಳಿದ ತೂಕ, ಅಳತೆ, ನಾಲ್ಕನೆಯ ಅಂಚಿನ ಪರೀಕ್ಷೆಗಳು ಅಲ್ಲಿಯೂ ಅನ್ವಯಿಸಬೇಕು.

ಕ್ರೀಡಾ ಸಾಮಗ್ರಿ ಖರೀದಿಸುವ ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಬಡಾವಣೆಯ ಸಂಘಗಳಲ್ಲಿ, ಉದ್ಯಾನಗಳ ಹೊಣೆ ಹೊತ್ತಿರುವ ನಗರಪಾಲಿಕೆಯಲ್ಲಿ ನನ್ನ ವಿನಂತಿ ಇಷ್ಟು. ಕಾರ್ನ್‌ಹೋಲ್ ಚೀಲಗಳಿಗೆ ದರಪಟ್ಟಿ ಕೇಳುವಾಗ ‘ಎಂಟು ಚೀಲಗಳ ಸೆಟ್’ ಎಂದಷ್ಟೇ ಬರೆಯದೆ ಅಳತೆ, ತೂಕ, ಒಳಗಿನ ಕಾಳು, ಎರಡೂ ಮಗ್ಗುಲಿನ ಬಟ್ಟೆ ಮತ್ತು ಎರಡು ಸಾಲಿನ ಹೊಲಿಗೆ ಇವಿಷ್ಟನ್ನೂ ನಮೂದಿಸಬೇಕು. ಮಾಲು ಬಂದ ದಿನ ದೈಹಿಕ ಶಿಕ್ಷಕರ ಎದುರಿನಲ್ಲೇ ಎಂಟು ಚೀಲಗಳನ್ನೂ ತೂಗಿ, ಪ್ರತಿಯೊಂದರ ಅಂಚಿನಲ್ಲಿ ಅಳಿಸದ ಶಾಯಿಯಿಂದ ಒಂದರಿಂದ ಎಂಟರವರೆಗೆ ಸಂಖ್ಯೆ ಬರೆದು, ತೂಕವನ್ನು ದಾಸ್ತಾನು ವಹಿಯಲ್ಲಿ ದಾಖಲಿಸಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಬೇಕು. ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ತೆರೆದಾಗ ಅದೇ ಪುಟ ತೆಗೆದು ಮತ್ತೊಮ್ಮೆ ತೂಗಿ ನೋಡಿದರೆ ಯಾವ ಚೀಲ ಸೋರಿದೆ, ಯಾವುದನ್ನು ಬದಲಿಸಬೇಕೆಂಬುದು ಕೂಡಲೇ ತಿಳಿಯುತ್ತದೆ. ಮಕ್ಕಳು ಚಿಕ್ಕವರೆಂದು ಚೀಲದ ತೂಕ ಇಳಿಸುವ ಬದಲು ಹಲಗೆಗಳ ನಡುವಿನ ಅಂತರವನ್ನು 27 ಅಡಿಯಿಂದ 21 ಅಡಿಗೆ ತಗ್ಗಿಸಿದರೆ, ಮುಂದೆ ದೊಡ್ಡವರಾದಾಗಲೂ ಅವರ ಕೈಗೆ ಅದೇ ಚೀಲದ ಪರಿಚಯ ಉಳಿಯುತ್ತದೆ.

ಇತಿ,
ನಿವೃತ್ತ ದೈಹಿಕ ಶಿಕ್ಷಕ,
ವಿದ್ಯಾನಗರ, ದಾವಣಗೆರೆ